ಸಂಜೆಯಾದರೆ ಆರುವ ಬೆಂಕಿ

“ಅಣ್ಣಾ, ಮತ್ತೆ ಧಡ್ ಅಂತು. ಈ ಸಲ ಮುಚ್ಚಳಾನೇ ಎದ್ಬುಡ್ತು.”

ಸರಸ್ವತಿಪುರದ ಗ್ರಿಲ್ ಚಿಕನ್ ಅಂಗಡಿಯ ಅಕ್ಕ ಫೋನಿನಲ್ಲಿ ಹೀಗೆಂದಾಗ ನಾನು ಕೆಲಸ ಮುಗಿಸಿ ಕುಂಬಾರಕೊಪ್ಪಲಿನ ಮನೆಗೆ ಬಂದು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ. ಯಾರಿಗಾದರೂ ಪೆಟ್ಟಾಯಿತೇ ಎಂದು ಕೇಳಿದೆ. “ನನ್ನ ಹುಬ್ಬು ಸುಟ್ಟೋಯ್ತು, ಅಷ್ಟೇ. ನೀವು ಬೇಗ ಬನ್ನಿ. ಮೇಲಿನ್ ಸಾರ್ ಕೆಳಗೆ ಬಂದು ನಿಂತವ್ರೆ,” ಎಂದರು. ಹುಬ್ಬು ಸುಟ್ಟದ್ದಕ್ಕಿಂತ ಮೇಲಿನ ಸಾರ್ ಕೆಳಗೆ ಬಂದದ್ದಕ್ಕೇ ಅವರು ಹೆಚ್ಚು ಹೆದರಿದ್ದರು.

ಎರಡು ಸಾವಿರದ ದಶಕದ ನಡುವಿನ ವರ್ಷಗಳು ಅವು. ಗ್ರಿಲ್ ಚಿಕನ್ನಿನ ಹುಚ್ಚು ಮೈಸೂರಿಗೂ ಹತ್ತಿತ್ತು. ನಾನು ಫಿಟ್ಟರ್ ಆಗಿದ್ದ ಸಣ್ಣ ಶೆಡ್ಡಿನಲ್ಲಿ ನಮ್ಮ ಯಜಮಾನರು ಯಾವುದೋ ಹೊರದೇಶದ ಚಿತ್ರ ನೋಡಿಕೊಂಡು ಪೆಲೆಟ್ ಗ್ರಿಲ್ ತಯಾರಿಸಲು ಹೊರಟಿದ್ದರು. ಮರದ ಹೊಟ್ಟು, ಕಡಲೆಕಾಯಿ ಸಿಪ್ಪೆ ಇಂಥವನ್ನು ಒತ್ತಿ ಬಳಪದ ತುಂಡಿನ ಗಾತ್ರಕ್ಕೆ ಮಾಡಿದ್ದೇ ಪೆಲೆಟ್. ಅದನ್ನು ಪಕ್ಕದ ಪೆಟ್ಟಿಗೆಗೆ ಸುರಿದರೆ ಒಂದು ಉದ್ದನೆಯ ತಿರುಪು ನಿಧಾನವಾಗಿ ತಿರುಗುತ್ತಾ, ಕೊಳವೆಯೊಳಗೆ ತಳ್ಳಿಕೊಂಡು ಹೋಗಿ ಬೆಂಕಿ ಬಟ್ಟಲಿಗೆ ಬೀಳಿಸುತ್ತದೆ. ಬಟ್ಟಲಿನ ತಳದ ಸಣ್ಣ ತೂತುಗಳಿಂದ ಫ್ಯಾನು ಗಾಳಿ ಊದುತ್ತದೆ. ಕರೆಂಟಿನಲ್ಲಿ ಕೆಂಪಗೆ ಕಾಯುವ ಒಂದು ಕಡ್ಡಿ ಬೆಂಕಿ ಹೊತ್ತಿಸುತ್ತದೆ. ಒಳಗಿನ ಶಾಖ ನೋಡಿಕೊಂಡು ಪೆಲೆಟ್ ಇನ್ನೂ ಬೇಕೇ, ಸಾಕೇ ಎಂದು ತೀರ್ಮಾನಿಸುವುದು ಒಂದು ಎಲೆಕ್ಟ್ರಾನಿಕ್ ಬೋರ್ಡು. ಸೌದೆ ಒಡೆಯುವ, ಇದ್ದಿಲು ಬೀಸುವ ಗೋಳಿಲ್ಲ ಎಂದು ಯಜಮಾನರು ಹೇಳಿಕೊಂಡು ತಿರುಗುತ್ತಿದ್ದರು.

ಅವರು ಹೇಳದೆ ಬಿಡುತ್ತಿದ್ದ ಒಂದು ವಿಷಯವಿತ್ತು. ಆ ಬೋರ್ಡು ದಡ್ಡ. ಒಳಗೆ ಶಾಖ ಇಳಿದರೆ, ಮುಚ್ಚಳ ತೆರೆದಿರುವುದರಿಂದ ಇಳಿಯಿತೋ ಬೆಂಕಿಯೇ ಆರಿಹೋಯಿತೋ ಅದಕ್ಕೆ ತಿಳಿಯುತ್ತಿರಲಿಲ್ಲ. ಪೆಲೆಟ್ ಸಾಲದು ಎಂದುಕೊಂಡು ಸುರಿಯುತ್ತಲೇ ಹೋಗುತ್ತಿತ್ತು. ಆರಿದ ಬಟ್ಟಲಿನಲ್ಲಿ ರಾಶಿ ಬಿದ್ದ ಪೆಲೆಟ್ ಹೊಗೆಯಾಡುತ್ತದೆ, ಹೊಗೆ ಪೆಟ್ಟಿಗೆ ತುಂಬುತ್ತದೆ. ಆಗ ಎಲ್ಲೋ ಒಂದು ಕಿಡಿ ಎದ್ದರೆ, ಅಥವಾ ಯಾರಾದರೂ ಮುಚ್ಚಳ ತೆಗೆದು ಗಾಳಿ ಬಿಟ್ಟರೆ, ಆ ಹೊಗೆಯೆಲ್ಲ ಒಟ್ಟಿಗೆ ಹೊತ್ತಿಕೊಳ್ಳುತ್ತದೆ. ಅಕ್ಕ ಹೇಳಿದ ಧಡ್ ಅದೇ.

ಈ ಸದ್ದು ಆ ಅಂಗಡಿಗೆ ಹೊಸತಲ್ಲ. ಮೊದಲ ಸಲ ಆದಾಗ ಹೊತ್ತಿಸುವ ಕಡ್ಡಿ ಸೊರಗಿದೆ ಎಂದು ಹೊಸದು ಹಾಕಿ ಬಂದಿದ್ದೆ. ಎರಡನೆಯ ಸಲ, ತೊಂದರೆ ಯಾವಾಗಲೂ ಸಂಜೆ ಕವಿದ ಮೇಲೆಯೇ ಆಗುತ್ತದೆ ಎಂದು ಗೊತ್ತಾಗಿ, ಎಲ್ಲರ ಮನೆಯಲ್ಲೂ ದೀಪ ಹತ್ತುವ ಹೊತ್ತಿಗೆ ವೋಲ್ಟೇಜ್ ಬಿದ್ದು ಫ್ಯಾನು ಸೋಲುತ್ತಿದೆ ಎಂದು ಲೆಕ್ಕ ಹಾಕಿ ಸ್ಟೆಬಿಲೈಸರ್ ಕೂರಿಸಿದ್ದೆ. ಮನೆಗೆ ಹೋಗುವ ದಾರಿಯಲ್ಲಿ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ ಕೂಡ. ಈಗ ಮೂರನೆಯದು.

ನಾನು ಹೋದಾಗ ಅಂಗಡಿಯ ಮುಂದೆ ಪಕ್ಕದ ಟ್ಯುಟೋರಿಯಲ್ಲಿನ ಹುಡುಗರ ಗುಂಪು ದೂರ ನಿಂತು ನೋಡುತ್ತಿತ್ತು. ಅಕ್ಕನ ಎಡಗಡೆಯ ಹುಬ್ಬು ಸುರುಟಿಹೋಗಿತ್ತು. ಮಹಡಿಯ ಮೆಟ್ಟಿಲ ಬುಡದಲ್ಲಿ ಕಟ್ಟಡದ ಮಾಲೀಕರು ನಿಂತಿದ್ದರು. ಬ್ಯಾಂಕಿನಿಂದ ನಿವೃತ್ತರಾದವರು, ಮಾತು ಕಡಿಮೆ.

“ನೀವೇನ್ರೀ ಮೆಕ್ಯಾನಿಕ್ಕು?” ಎಂದರು. ಹೌದೆಂದೆ. “ನಮ್ಮ ಮನೆಯವಳಿಗೆ ಎದೆ ಹೊಡ್ಕೊಂಡು ಇನ್ನೂ ನಿಂತಿಲ್ಲ. ಸಂಜೆ ಆದ್ರೆ ಆ ಹೊಗೆಗೆ ಮನೆಯವರೆಲ್ಲ ಕೆಮ್ತೀವಿ, ಅದನ್ನ ಸಹಿಸಿಕೊಂಡಿದ್ವಿ. ಈ ಸದ್ದು ಆಗಲ್ಲ.” ಅಕ್ಕನ ಕಡೆ ತಿರುಗಿದರು. “ನೋಡಮ್ಮ, ಕೊನೇ ಮಾತು. ಇನ್ನೊಂದು ಸಲ ಕೇಳಿಸ್ತೋ, ಅವತ್ತೇ ಖಾಲಿ ಮಾಡ್ಬೇಕು.”

ಖಾಲಿ ಎಂದರೆ ಬರೀ ಅಂಗಡಿಯಲ್ಲ. ಅಂಗಡಿಯ ಹಿಂದಿನ ಎರಡು ಕೋಣೆಗಳಲ್ಲೇ ಅವರ ಸಂಸಾರ. ಡ್ರೈವರ್ ಆಗಿದ್ದ ಗಂಡ ಮಂಡಿ ಕೆಟ್ಟು ಮನೆಯಲ್ಲಿದ್ದರು. ಜೊತೆಗೆ ಗಂಡನ ತಾಯಿ, ವಯಸ್ಸಾದ ಅಜ್ಜಿ. ಅಕ್ಕ ಎಷ್ಟೋ ವರ್ಷ ಹಾಸ್ಟೆಲ್ ಮೆಸ್ಸಿನಲ್ಲಿ ಅಡುಗೆ ಮಾಡಿ ಉಳಿಸಿದ್ದನ್ನೆಲ್ಲ ಈ ಅಂಗಡಿಗೆ ಸುರಿದಿದ್ದರು. ಅವರು ಕ್ಯಾಥೊಲಿಕರು, ಆ ಭಾನುವಾರ ಅವರದೇ ಚರ್ಚಿನ ಒಂದು ಮನೆಯ ಮಗುವಿನ ಜ್ಞಾನಸ್ನಾನದ ಊಟಕ್ಕೆ ಕೋಳಿ ಸುಟ್ಟು ಕೊಡಲು ಒಪ್ಪಿಕೊಂಡಿದ್ದರು. ದೊಡ್ಡ ಊಟದ ಆರ್ಡರು ಅವರಿಗೆ ಅದೇ ಮೊದಲು. ಅವತ್ತು ಬುಧವಾರ.

ಮಷೀನು ಸುಡುತ್ತಿದ್ದುದರಿಂದ ರಾತ್ರಿ ಏನೂ ಮಾಡುವಂತಿರಲಿಲ್ಲ. ಒಂದು ವಿಷಯ ಮಾತ್ರ ಅಕ್ಕನಿಗೆ ಗಟ್ಟಿಯಾಗಿ ಹೇಳಿ ಬಂದೆ. “ಬೆಂಕಿ ಆರಿದ್ರೆ ಮತ್ತೆ ಬಟನ್ ಒತ್ಬೇಡಿ ಅಕ್ಕ. ಮುಚ್ಚಳಾನೂ ಮುಟ್ಬೇಡಿ. ಪ್ಲಗ್ ಕಿತ್ತು ನಂಗೆ ಫೋನ್ ಮಾಡಿ.”

ಗುರುವಾರ ಬೆಳಿಗ್ಗೆ ಪೂರ್ತಿ ಬಿಚ್ಚಿದೆ. ಮೇಲಿನ ಕಂಬಿ ಜಾಲರಿ ತೆಗೆದೆ, ಎಣ್ಣೆ ಇಳಿಯುವ ಓರೆ ತಗಡು ತೆಗೆದೆ, ಅದರ ಕೆಳಗಿನ ದಪ್ಪ ತಗಡು ತೆಗೆದೆ. ಬೂದಿಯನ್ನು ವ್ಯಾಕ್ಯೂಮಿನಿಂದ ಎಳೆದೆ. ಶಾಖ ಅಳೆಯುವ ಸೆನ್ಸರಿನ ಮೇಲೆ ಮಸಿ ಕಟ್ಟಿತ್ತು, ಉಜ್ಜು ಕಾಗದದಲ್ಲಿ ತಿಕ್ಕಿದೆ. ಫ್ಯಾನಿನ ರೆಕ್ಕೆಗೆ ಜಿಡ್ಡು ಹಿಡಿದಿತ್ತು, ಒರೆಸಿದೆ. ಕೊನೆಗೆ ಬೆಂಕಿ ಬಟ್ಟಲು ಕಳಚಿ ಬೆಳಕಿಗೆ ಹಿಡಿದರೆ ತಳದಲ್ಲಿ ಒಂದು ಬೆಳಕಿನ ಚುಕ್ಕಿಯೂ ಕಾಣಲಿಲ್ಲ. ತೂತುಗಳೆಲ್ಲ ಮುಚ್ಚಿಹೋಗಿದ್ದವು. ಮುಚ್ಚಿದ್ದು ಬೂದಿಯಲ್ಲ, ಕಿಟ್ಟ. ಕರಗಿ ಹರಿದು ಗಟ್ಟಿಯಾದ, ಮುರಿದ ಬಾಟಲಿಯ ಅಂಚಿನಂತೆ ಹೊಳೆಯುವ ಕಪ್ಪು ಕಿಟ್ಟ. ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೆದರೂ ಚೂರು ಚೂರಾಗಿ ಮಾತ್ರ ಬಂತು.

ಗಾಳಿ ಬರುವ ದಾರಿ ಮುಚ್ಚಿದರೆ ಬೆಂಕಿ ಆರುವುದು ಸಹಜ. ಕಿಟ್ಟ ಯಾಕೆ? ಪೆಲೆಟ್ಟಿನಲ್ಲಿ ಮಣ್ಣು ಬೆರೆತಿದ್ದರೆ ಹಾಗಾಗುತ್ತದೆ. ಅಕ್ಕ ತರಿಸುತ್ತಿದ್ದುದು ಕಡಲೆಕಾಯಿ ಸಿಪ್ಪೆಯ ಮಾಲು, ಸಿಪ್ಪೆಯೊಂದಿಗೆ ಹೊಲದ ಮಣ್ಣೂ ಬಂದಿರುತ್ತದೆ. ಸಿಕ್ಕಿತು ಕಳ್ಳ ಎಂದುಕೊಂಡೆ. ಶೆಡ್ಡಿನಿಂದ ಬರೀ ಮರದ ಹೊಟ್ಟಿನ ಪೆಲೆಟ್ ಮೂಟೆ ತಂದು, ಹಳೆಯದನ್ನೆಲ್ಲ ಖಾಲಿ ಮಾಡಿ ತುಂಬಿದೆ. ಮಧ್ಯಾಹ್ನದವರೆಗೆ ಉರಿಸಿ ನೋಡಿದೆ. ಬೆಂಕಿ ಚೆನ್ನಾಗಿ ಕುಣಿಯಿತು, ಚಿಮಣಿಯಲ್ಲಿ ಕಂಡೂ ಕಾಣದಂಥ ನೀಲಿ ಹೊಗೆ.

ಹಿಂದಿನ ಕೋಣೆಯಿಂದ ಅಜ್ಜಿ ಕಾಫಿ ತಂದುಕೊಟ್ಟರು. ನಮ್ಮದು ಮಠಕ್ಕೆ ನಡೆದುಕೊಳ್ಳುವ ಮನೆ, ನಾನು ಮಾಂಸ ಮುಟ್ಟುವವನಲ್ಲ ಎನ್ನುವುದು ಅವರಿಗೆ ಗೊತ್ತಿತ್ತು. ನನಗೆಂದೇ ಒಂದು ಸ್ಟೀಲ್ ಪಾತ್ರೆ, ಒಂದು ಲೋಟ ಬೇರೆ ಇಟ್ಟಿದ್ದರು. “ಕುಡಿ ಮಗಾ, ಇದ್ಕೆ ಏನೂ ಸೋಕಿಲ್ಲ,” ಎನ್ನುತ್ತಿದ್ದರು. ಪೆಲೆಟ್ಟನ್ನು ಒಂದು ಹಿಡಿ ಎತ್ತಿ ನೋಡಿ, “ಕೋಳಿ ಸುಡಕ್ಕೂ ಕೋಳಿ ಫುಡ್ಡೇನಾ?” ಎಂದು ನಕ್ಕರು. ಅಷ್ಟು ಪ್ರೀತಿಯ ಮನೆ. ಬೀದಿಗೆ ಬೀಳಬಾರದು ಎಂದು ನನಗೂ ಹಟ ಹತ್ತಿತ್ತು.

ಗುರುವಾರ ಸಂಜೆ ಅಕ್ಕನ ಫೋನು ಬಂತು. ದನಿ ಸತ್ತಿತ್ತು. “ಆರೋಯ್ತು ಅಣ್ಣ. ನೀವು ಹೇಳ್ದಂಗೆ ಪ್ಲಗ್ ಕಿತ್ತಾಕಿದೀನಿ. ಸದ್ದಾಗ್ಲಿಲ್ಲ.”

ಶುಕ್ರವಾರ ಬೆಳಿಗ್ಗೆ ಬಿಚ್ಚಿದರೆ ಮತ್ತೆ ಕಿಟ್ಟ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅದೇ ಪೆಲೆಟ್, ಅದೇ ಅಳತೆಯ ಬಟ್ಟಲು ನಮ್ಮ ಶೆಡ್ಡಿನಲ್ಲಿ ಇಡೀ ದಿನ ಉರಿದರೂ ಬರೀ ಬೂದಿ, ಊದಿದರೆ ಹಾರುತ್ತಿತ್ತು. ಇಲ್ಲಿ ಮಾತ್ರ ಗಾಜು. ಕೋಳಿಯ ಮಸಾಲೆ ಸೋರಿ ಬಟ್ಟಲಿಗೆ ಬೀಳುತ್ತಿದೆಯೇ ಎಂದು ಎಣ್ಣೆ ತಗಡಿಗೆ ನೀರು ಸುರಿದು ನೋಡಿದೆ. ಒಂದು ಹನಿಯೂ ಸೋರಲಿಲ್ಲ. ಸೋರಿದ್ದರೆ ಕಿಟ್ಟ ಜಿಡ್ಡಾಗಿರಬೇಕಿತ್ತು, ಇದು ಒಣಗಾಜು. ತಿರುಪು ಕಳಚಿ ಕೊಳವೆಯೊಳಗೆ ಟಾರ್ಚು ಬಿಟ್ಟು ನೋಡಿದೆ, ಅಲ್ಲೂ ಏನಿಲ್ಲ.

ಯಜಮಾನರಿಗೆ ಫೋನ್ ಮಾಡಿದೆ. ಅವರು ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. “ಪಾರ್ಟಿ ಕಂಡಿದ್ದೆಲ್ಲ ತುಂಬ್ತಾವ್ರೆ ಕಣಯ್ಯ. ಟೆಂಪೋ ಕಳಿಸ್ತೀನಿ, ಮಷೀನ್ ವಾಪಸ್ ತಂದ್ಬುಡು. ಹೆಚ್ಚುಕಮ್ಮಿ ಆದ್ರೆ ನಮ್ಮ ತಲೆ ಮೇಲೆ ಬರುತ್ತೆ,” ಎಂದರು. ನಾನು ಅಂಗಡಿಯೊಳಗೆ ನೋಡಿದೆ. ಅಕ್ಕ ಭಾನುವಾರದ ಕೋಳಿಗೆ ಶುಂಠಿ ಬೆಳ್ಳುಳ್ಳಿ ಬಿಡಿಸಿ ಗುಡ್ಡೆ ಹಾಕುತ್ತಿದ್ದರು. ಮಷೀನು ಎತ್ತಿದರೆ ಜ್ಞಾನಸ್ನಾನದ ಊಟ ಹೋಯಿತು. ಬಿಟ್ಟರೆ ಇನ್ನೊಂದು ಧಡ್, ಆಮೇಲೆ ಬೀದಿ.

“ಇವತ್ತು ಒಂದಿನ ಇಲ್ಲೇ ಕೂತಿರ್ತೀನಿ ಸಾರ್. ನಾಳೆ ಟೆಂಪೋ ಕಳಿಸಿ,” ಎಂದೆ. ಅವರು ಬೈದರು. ಬೈಯಲಿ ಎಂದು ಫೋನು ಜೇಬಿಗೆ ಹಾಕಿದೆ. ಮೂರು ಸಲ ಬಂದು ಕೆಟ್ಟದ್ದನ್ನು ರಿಪೇರಿ ಮಾಡಿದ್ದೆನೇ ಹೊರತು ಅದು ಕೆಡುವುದನ್ನು ಒಂದು ಸಲವೂ ಕಣ್ಣಾರೆ ನೋಡಿರಲಿಲ್ಲ. ಇವತ್ತು ನೋಡಿಯೇ ಬಿಡಬೇಕು ಎಂದು ತೀರ್ಮಾನಿಸಿದೆ.

ಬಟ್ಟಲಿನ ಕಿಟ್ಟ ಕೆತ್ತಿ ತೆಗೆದು, ಮಧ್ಯಾಹ್ನ ಬೆಂಕಿ ಹೊತ್ತಿಸಿ ಮಷೀನಿನ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡೆ. ನಮ್ಮ ಮಷೀನಿಗೆ ಪಕ್ಕದಲ್ಲಿ ಬೆಂಕಿ ನೋಡಲು ಒಂದು ಸಣ್ಣ ಕಿಂಡಿ, ಅದಕ್ಕೊಂದು ಪುಟ್ಟ ಬಾಗಿಲು ಇತ್ತು. ಆಗಾಗ ಅದನ್ನು ತೆರೆದು ನೋಡುವುದು, ತಿರುಪಿನ ಮೋಟಾರಿನ ಸದ್ದು ಕೇಳುವುದು, ಕೊಳವೆ ಮುಟ್ಟುವುದು, ಇದೇ ನನ್ನ ಕೆಲಸ. ಅಕ್ಕ ಪೆಲೆಟ್ ಸುರಿದರೆ ಕೈ ನೋಡಿದೆ. ಕೋಳಿ ತಿರುವಿದರೆ ಇಕ್ಕಳ ನೋಡಿದೆ. “ನನ್ಮೇಲೇ ಅನುಮಾನಾನಾ ಅಣ್ಣ?” ಎಂದು ಅವರು ಬೇಜಾರಿನಲ್ಲೇ ನಕ್ಕರು. ಗಿರಾಕಿಗಳು ಬಂದರು, ಹೋದರು. ಸುಟ್ಟ ಮಾಂಸದ ವಾಸನೆಗೆ ನನಗೆ ಊಟ ಸೇರಲಿಲ್ಲ. ಬೆಂಕಿಗೆ ಮಾತ್ರ ಏನೂ ಆಗಲಿಲ್ಲ. ಸಂಜೆಯಾಗುತ್ತಾ ಬಂದಂತೆ ನಾನು ಕಿಂಡಿ ತೆರೆದು ನೋಡುವುದು ಹೆಚ್ಚಾಯಿತು.

ಬೀದಿ ದೀಪ ಹತ್ತಿದವು. ಒಳಗೆ ಜಪಸರ ಮುಗಿಸಿ ಅಜ್ಜಿ ಹೊರಗೆ ಬಂದರು. ಬಲಗೈ ಮುಷ್ಟಿ ಬಿಗಿಯಾಗಿತ್ತು. ಗಿರಾಕಿಗಳ ಗಲಾಟೆಯಲ್ಲಿದ್ದ ಸೊಸೆಯ ಹಿಂದೆ ನಿಂತು ಮುಷ್ಟಿಯನ್ನು ತಲೆಯಿಂದ ಕಾಲಿನವರೆಗೆ ಇಳಿಸಿದರು, ಮಷೀನಿನ ಸುತ್ತ ಸುಳಿಸಿದರು, ನನಗೂ ಒಂದು ಸುತ್ತು ಸುಳಿಸಿದರು. ಎಲ್ಲ ಮನೆಯಲ್ಲೂ ಅಮ್ಮಂದಿರು ಮಾಡುವುದೇ. ಶಿಲುಬೆ ಗುರುತು ಹಾಕಿಕೊಂಡು, ಕಿಂಡಿಯ ಪುಟ್ಟ ಬಾಗಿಲು ತೆಗೆದು, ಮುಷ್ಟಿಯಲ್ಲಿದ್ದುದನ್ನು ಒಳಗೆ ಎಸೆದರು. ಒಳಗೆ ಚಟಪಟ ಎಂದಿತು. ನಾನು ಬಗ್ಗಿ ನೋಡುವಷ್ಟರಲ್ಲಿ ಕೆಂಪಗಿದ್ದ ಬೆಂಕಿ ಅರಿಶಿನದ ಬಣ್ಣಕ್ಕೆ ತಿರುಗಿತ್ತು.

“ಅಜ್ಜಿ, ಏನ್ ಹಾಕಿದ್ರಿ?”

“ದೃಷ್ಟಿ ಕಣಪ್ಪ. ಉಪ್ಪು, ಮೆಣಸಿನಕಾಯಿ. ಅಂಗಡಿ ಶುರುವಾಗಿ ಜನ ಸೇರಕ್ಕೆ ಹತ್ತಿದಾಗಿಂದ ದಿನಾ ತೆಗೀತೀನಿ.” ಮುಖ ಹತ್ತಿರ ತಂದು ದನಿ ತಗ್ಗಿಸಿದರು. “ಎಂಥಾ ಕಣ್ಣು ಬಿದ್ದೈತೆ ಗೊತ್ತಾ ಮಗಾ? ಒಂದಿಷ್ಟೂ ಘಾಟು ಬರಲ್ಲ ನೋಡು. ಮೊದ್ಲು ಒಂದು ಚಿಟಿಕೆ ಆಕ್ತಿದ್ದೆ. ಘಾಟು ಬರ್ಲಿಲ್ಲ ಅಂತ ಜಾಸ್ತಿ ಮಾಡ್ದೆ. ಈಗ ಹಿಡಿ ತುಂಬ ಆಕಿದ್ರೂ ಅಂಗೇ!”

ಮೆಣಸಿನಕಾಯಿ ಸುಟ್ಟರೂ ಘಾಟು ಬಾರದಿದ್ದರೆ ದೃಷ್ಟಿ ಜೋರಾಗಿದೆ ಎಂದು ನಮ್ಮ ಕಡೆ ಹೆಂಗಸರೆಲ್ಲ ನಂಬುತ್ತಾರೆ, ನಮ್ಮಮ್ಮನೂ ನಂಬುತ್ತಾರೆ. ಆದರೆ ಇಲ್ಲಿ ಘಾಟು ಎಲ್ಲಿಂದ ಬರಬೇಕು? ಒಳಗಿನ ಗಾಳಿಯನ್ನೆಲ್ಲ ಫ್ಯಾನು ಚಿಮಣಿಗೆ ನೂಕುತ್ತದೆ, ಚಿಮಣಿಯ ಬಾಯಿ ಮಹಡಿಯ ಕಡೆಗಿದೆ. ಅದೇ ಹೊತ್ತಿಗೆ ಮೇಲೆ ಮಾಲೀಕರು ಕೆಮ್ಮುವುದು ಕೇಳಿಸಿತು. ನನಗೆ ನಗು ಬಂತು. ನಗು ಬಾಯಿಗೆ ಬರುವ ಮೊದಲೇ ಉಪ್ಪಿನ ನೆನಪಾಯಿತು.

ಹಿಂದೆ ನಾನು ಅಕ್ಕಿ ಗಿರಣಿಯ ಬಾಯ್ಲರಿನಲ್ಲಿ ಕೆಲಸ ಮಾಡಿದ್ದೆ. ಅಲ್ಲಿ ಒಲೆ ಉರಿಸುತ್ತಿದ್ದ ಹಿರಿಯ ಫೈರ್‌ಮನ್ ಉಪ್ಪು ತುಂಬಿದ್ದ ಹಳೆಯ ಗೋಣಿಯನ್ನು ಕೂಡ ಒಲೆಗೆ ಹಾಕಲು ಬಿಡುತ್ತಿರಲಿಲ್ಲ. ಬೂದಿಗೆ ಉಪ್ಪು ಸೇರಿದರೆ ಬೂದಿ ಬೇಗ ಕರಗುತ್ತದೆ, ಕರಗಿದ್ದು ಕಂಬಿಗೆ ಅಂಟಿ ಗಾಜಾಗುತ್ತದೆ ಎನ್ನುತ್ತಿದ್ದರು. ದಿನಾ ಸಂಜೆ ಒಂದು ಹಿಡಿ. ನಾನು ಬೆಳಿಗ್ಗೆ ಕೆತ್ತುವುದು, ಅಜ್ಜಿ ಸಂಜೆ ಸುರಿಯುವುದು.

“ಅಕ್ಕ, ಮಷೀನ್ ಆಫ್ ಮಾಡ್ಬೇಕು, ಈಗ್ಲೇ,” ಎಂದೆ. ಒಳಗೆ ಒಂದು ಸಾಲು ಕೋಳಿ ಅರ್ಧ ಬೆಂದಿತ್ತು, ಮುಂದೆ ಗಿರಾಕಿಗಳು ಕಾಯುತ್ತಿದ್ದರು. “ಈ ಸಲದ್ದು ಮುಗೀಲಿ ಅಣ್ಣ, ಸ್ವಲ್ಪ ಹೊತ್ತು ಕಣಣ್ಣ,” ಎಂದು ಅವರು ಅಂಗಲಾಚಿದರು. ಆಗಲ್ಲ ಎಂದೆ. ಯಾಕೆ ಎಂದರು. ಅಜ್ಜಿಯ ಎದುರಿಗೇ ಹೇಗೆ ಹೇಳುವುದು ಎಂದು ನಾನು ತಡವರಿಸುತ್ತಿರುವಾಗಲೇ ಚಿಮಣಿಯ ಹೊಗೆ ಬಣ್ಣ ಬದಲಾಯಿತು. ನೀಲಿಯಿದ್ದದ್ದು ಬಿಳಿಯಾಯಿತು, ತೆಳ್ಳಗಿದ್ದದ್ದು ಮಂದವಾಯಿತು. ಕಿಂಡಿಯಲ್ಲಿ ನೋಡಿದರೆ ಬೆಂಕಿಯೇ ಇಲ್ಲ. ಬಟ್ಟಲಿನ ಮೇಲೆ ಪೆಲೆಟ್ ಗುಡ್ಡೆಯಾಗಿ ಹೊಗೆಯಾಡುತ್ತಿತ್ತು, ತಿರುಪು ಇನ್ನೂ ತಳ್ಳುತ್ತಿತ್ತು.

ಪ್ಲಗ್ ಕಿತ್ತೆ. ಕಿಂಡಿಯ ಬಾಗಿಲು ಒತ್ತಿ ಮುಚ್ಚಿದೆ. ಗಿರಾಕಿಗಳನ್ನು ರಸ್ತೆಯ ಆಚೆಗೆ ಕಳಿಸಿದೆ. ತಿರುಗಿ ನೋಡಿದರೆ ಅಕ್ಕ ಬಟ್ಟೆ ಸುತ್ತಿದ ಕೈಯಲ್ಲಿ ಮುಚ್ಚಳದ ಹಿಡಿ ಹಿಡಿದಿದ್ದರು. “ಕೋಳಿ ತಕ್ಕೊಂಬುಡ್ತೀನಿ!”

“ಬಿಡೀ!” ಎಂದು ಕಿರುಚಿ ಅವರ ರಟ್ಟೆ ಹಿಡಿದು ಎಳೆದುಬಿಟ್ಟೆ. ಹೆಂಗಸರನ್ನು ಹಾಗೆ ಮುಟ್ಟಿ ಎಳೆದದ್ದು ಅದೇ ಮೊದಲು, ಅದೇ ಕೊನೆ. “ತೆಗೆದ್ರೆ ಗಾಳಿ ನುಗ್ಗುತ್ತೆ ಅಕ್ಕ. ಮೊನ್ನೆ ಹುಬ್ಬು, ಇವತ್ತು ಮುಖ. ಅದು ಸುಡ್ಲಿ, ಕರಕಲಾಗ್ಲಿ, ಮುಟ್ಬೇಡಿ.”

ಅವರು ಕೈಬಿಟ್ಟರು. ಆದರೆ ಅಷ್ಟಕ್ಕೇ ಮುಗಿಯಲಿಲ್ಲ. ಬಟ್ಟಲಿನಲ್ಲಿ ತುಂಬಿದ ಕೆಂಡ ಕೊಳವೆಯೊಳಗಿನ ಪೆಲೆಟ್ ಹಿಡಿದುಕೊಂಡು ಹಿಂದಕ್ಕೆ ತೆವಳಬಹುದು. ತೆವಳಿ ಪೆಟ್ಟಿಗೆಗೆ ತಲುಪಿದರೆ ಅಲ್ಲಿ ಅರ್ಧ ಮೂಟೆ ಪೆಲೆಟ್ ಇದೆ. ಕೊಳವೆಗೆ ಕೈ ಇಟ್ಟೆ. ಬಟ್ಟಲಿನ ಕಡೆ ಮುಟ್ಟಲಾಗದಷ್ಟು ಬಿಸಿ, ನಡುವೆ ಬೆಚ್ಚಗೆ. ಪೆಟ್ಟಿಗೆಯ ತಳದ ಜಾರುಬಾಗಿಲು ಎಳೆದು ಪೆಲೆಟ್ಟನ್ನೆಲ್ಲ ಬಕೆಟ್ಟಿಗೆ ಬಿಟ್ಟೆ. ಅಕ್ಕ ತುಂಬಿದ ಬಕೆಟ್ಟನ್ನು ಎಳೆದು ಹಿಂದೆ ಸುರಿದು ಬಂದರು, ಮತ್ತೆ ಒಡ್ಡಿದರು. ಹೇಳಿಸಿಕೊಳ್ಳಲಿಲ್ಲ. ಗೋಣಿಚೀಲ ನೆನೆಸಿ ಕೊಳವೆಗೆ ಸುತ್ತಿದೆ. ಒಳಕ್ಕೆ ನೀರು ಹಾಕುವಂತಿರಲಿಲ್ಲ, ತಗಡಿನ ಮೇಲೆ ಕಾದ ಕೋಳಿ ಎಣ್ಣೆ ಇತ್ತು. ಹೊರಗಿನಿಂದಲೇ ತಣಿಸುತ್ತಾ, ಅಂಗೈ ಇಟ್ಟು ಇಟ್ಟು ಬಿಸಿ ಎಲ್ಲಿಯವರೆಗೆ ಬಂತು ಎಂದು ನೋಡುತ್ತಾ ಕೂತೆ.

ಅಷ್ಟರಲ್ಲಿ ಮಾಲೀಕರು ಕೆಳಗಿಳಿದು ಬಂದಿದ್ದರು. ಹೊಗೆಯನ್ನೂ ನಮ್ಮನ್ನೂ ನೋಡುತ್ತಾ ಮೂಗಿಗೆ ಟವೆಲ್ ಹಿಡಿದು ನಿಂತರು. ಅಕ್ಕ ಮುಚ್ಚಳವನ್ನೇ ನೋಡುತ್ತಿದ್ದರು. ಆ ಸದ್ದು ಆದರೆ ಮನೆ ಹೋಯಿತು, ಅದು ಆಗಬಾರದು ಎಂದು ನಾವೆಲ್ಲ ಒಂದು ಕಬ್ಬಿಣದ ಪೆಟ್ಟಿಗೆಯ ಮುಂದೆ ಉಸಿರು ಹಿಡಿದು ನಿಂತಿದ್ದೆವು. ಅಜ್ಜಿ ಗೋಡೆಗೆ ಒರಗಿ, “ಯೇಸಪ್ಪಾ, ತಾಯಿ ಮರಿಯಮ್ಮಾ” ಎನ್ನುತ್ತಿದ್ದರು. ಬಹಳ ಹೊತ್ತಾದ ಮೇಲೆ ಹೊಗೆ ತೆಳುವಾಯಿತು. ಆಮೇಲೆ ಒಂದು ಎಳೆಯಾಯಿತು. ಕೊಳವೆ ತಣ್ಣಗಾಗುತ್ತಾ ಬಂತು. ಸದ್ದಾಗಲಿಲ್ಲ.

“ಏನಿದು? ಯಾಕಾಗ್ತಿದೆ?” ಮಾಲೀಕರು ನನ್ನನ್ನೇ ಕೇಳಿದರು.

ಮಷೀನಿನ ದೋಷ ಎಂದರೆ ಅದನ್ನು ನಾಳೆಯೇ ಎತ್ತಿಸುತ್ತಾರೆ. ನಿಜ ಹೇಳಿದರೆ ಆ ಮುದುಕಿಯನ್ನು ನಾಲ್ಕು ಜನರೆದುರು ನಿಲ್ಲಿಸಿದಂತೆ. ಅಕ್ಕನಿಗೆ ಇಷ್ಟು ಹೊತ್ತಿಗೆ ಏನೋ ಹೊಳೆದಿತ್ತು. ನನ್ನ ಮುಖ ನೋಡಿದರು, ಅತ್ತೆಯ ಮುಖ ನೋಡಿದರು. ನಾನು, “ಅದು ಸಾರ್, ಬೂದಿಗೆ ಏನೋ ಸೇರಿ…” ಎಂದು ತೇಲಿಸುತ್ತಿದ್ದಾಗ ಅಜ್ಜಿಯೇ ಗೋಡೆ ಬಿಟ್ಟು ಮುಂದೆ ಬಂದರು.

“ಏನೋ ಅಲ್ಲ ಸ್ವಾಮಿ. ಉಪ್ಪು. ನಾನೇ ಆಕಿದ್ದು, ದೃಷ್ಟಿ ತೆಗೆದು. ಅದು ಆಕಿದ್ಮೇಲೇ ಬೆಂಕಿ ಸತ್ತೋಯ್ತು, ಕಣ್ಣಾರೆ ಕಂಡೆ. ನನ್ ಸೊಸೆದೇನೂ ಇಲ್ಲ. ಓಗೋದಾದ್ರೆ ನನ್ನ ಕಳ್ಸಿ, ಮಗಳ ಮನೇಗೆ ಓಯ್ತೀನಿ. ಅಂಗಡಿ ಮಾತ್ರ ಮುಚ್ಚಿಸ್ಬ್ಯಾಡಿ.”

“ಅತ್ತೆ, ಸುಮ್ನಿರಿ!” ಎಂದು ಅಕ್ಕ ಗದರಿದರು. ಗದರಿದ ದನಿಯೇ ಒಡೆದುಹೋಯಿತು.

ಮಾಲೀಕರಿಗೆ ನಂಬಿಕೆ ಬರಲಿಲ್ಲ. “ಉಪ್ಪಿಗೆ ಬೆಂಕಿ ಆರುತ್ತಾ? ಯಾರಿಗೆ ಕಥೆ ಹೇಳ್ತೀರಾ?” ಎಂದರು. ಮಾತಿಗಿಂತ ತೋರಿಸುವುದೇ ವಾಸಿ ಎಂದು ನನ್ನ ಚೀಲದಿಂದ ಬ್ಲೋ ಲ್ಯಾಂಪ್ ತೆಗೆದೆ. ಎರಡು ಕಬ್ಬಿಣದ ಚೂರಿನ ಮೇಲೆ ಹೋಲಿಸಿ ನೋಡಲೆಂದು ನಮ್ಮ ಶೆಡ್ಡಿನಿಂದ ತಂದಿದ್ದ ಬೂದಿ ಒಂದೊಂದು ಚಮಚ ಹಾಕಿದೆ. ಒಂದಕ್ಕೆ ಅಕ್ಕನ ಡಬ್ಬಿಯಿಂದ ಉಪ್ಪು ಬೆರೆಸಿದೆ. ಉಪ್ಪಿಲ್ಲದ್ದಕ್ಕೆ ಮೊದಲು ಜ್ವಾಲೆ ಹಿಡಿದೆ. ಕೆಂಪಗಾಯಿತು, ತಣ್ಣಗಾದ ಮೇಲೆ ಊದಿದರೆ ಹಾರಿಹೋಯಿತು. ಉಪ್ಪು ಬೆರೆತದ್ದು ಚಟಪಟ ಎಂದು, ಹಳದಿ ಉರಿ ಎಬ್ಬಿಸಿ, ಬೆವರಿದಂತೆ ಮಿನುಗಿ, ಮುದ್ದೆಗಟ್ಟಿ ಕಬ್ಬಿಣಕ್ಕೆ ಅಂಟಿಕೊಂಡಿತು. ತಣಿದ ಮೇಲೆ ಊದಿದೆ, ಉಗುರಿನಲ್ಲಿ ಕೆರೆದೆ. ಅಲ್ಲಾಡಲಿಲ್ಲ. ನಿಮ್ಮ ಕೆಮ್ಮಿಗೂ ಆ ಮೆಣಸಿನಕಾಯಿಯೇ ಕಾರಣ ಸಾರ್ ಎಂದು ಚಿಮಣಿ ತೋರಿಸಿದೆ. ಅವರು ಆ ಚೂರನ್ನು ತಿರುಗಿಸಿ ಮುರುಗಿಸಿ ನೋಡಿ ಕೆಳಗಿಟ್ಟರು. ಏನೂ ಹೇಳದೆ ಮೆಟ್ಟಿಲು ಹತ್ತಿಹೋದರು.

ಶನಿವಾರ ಮಾಲೀಕರ ಸುಳಿವಿಲ್ಲ. ನಾನು ಬಟ್ಟಲು ಕೆತ್ತಿ, ತೂತುಗಳಿಗೆ ವೆಲ್ಡಿಂಗ್ ಕಡ್ಡಿ ತೂರಿಸಿ ಬಿಡಿಸಿ, ಕಿಂಡಿಯ ಬಾಗಿಲಿಗೆ ಎರಡು ಬೋಲ್ಟ್ ಹಾಕಿದೆ. ಚಿಮಣಿಗೆ ಮೊಣಕೈಯಂತೆ ಬಾಗಿದ ಒಂದು ಕೊಳವೆ ತುಂಡು ಕೂರಿಸಿ ಬಾಯಿಯನ್ನು ರಸ್ತೆಯ ಕಡೆಗೆ ತಿರುಗಿಸಿದೆ. ಯಜಮಾನರಿಗೆ ಫೋನ್ ಮಾಡಿ ಟೆಂಪೋ ಬೇಡವೆಂದೆ. ಬೋರ್ಡಿನ ದಡ್ಡತನವನ್ನೂ ಹೇಳಿ, ಶಾಖ ಒಂದು ಮಟ್ಟಕ್ಕಿಂತ ಕೆಳಗಿಳಿದರೆ ತಿರುಪು ತಾನಾಗಿ ನಿಲ್ಲುವ ಹಾಗೆ ಮಾಡಲೇಬೇಕು ಎಂದು ಜಗಳವನ್ನೇ ಆಡಿದೆ. ಅಜ್ಜಿ ಅವತ್ತು ಹೊರಗೆ ಬರಲಿಲ್ಲ. ಕಾಫಿಯನ್ನು ಅಕ್ಕನೇ ತಂದುಕೊಟ್ಟರು, ಅದೇ ಬೇರೆ ಲೋಟದಲ್ಲಿ. ಕುಡಿಯಲು ಮನಸ್ಸಾಗಲಿಲ್ಲ.

ಭಾನುವಾರ ಬೆಳಿಗ್ಗೆ ಹೊತ್ತಿಸಿದ ಬೆಂಕಿ ಮಧ್ಯಾಹ್ನದ ಊಟ ಮುಗಿಯುವವರೆಗೂ ಒಂದೇ ಸಮ ಉರಿಯಿತು. ಜ್ಞಾನಸ್ನಾನದ ಮನೆಯವರು ಪಾತ್ರೆ ತುಂಬಿಸಿಕೊಂಡು ಹೋದರು, ಮತ್ತೊಮ್ಮೆ ಬಂದು ತುಂಬಿಸಿಕೊಂಡರು. ಸಂಜೆಯ ವ್ಯಾಪಾರಕ್ಕೂ ಅದೇ ಬೆಂಕಿ. ಬೀದಿ ದೀಪ ಹತ್ತುವ ಹೊತ್ತಿಗೆ ನಾನು ಸ್ಟೂಲನ್ನು ಮಷೀನಿನ ಹತ್ತಿರಕ್ಕೆ ಎಳೆದುಕೊಂಡೆ. ಇಬ್ಬರ ಕಣ್ಣೂ ಚಿಮಣಿಯ ಮೇಲೆ. ಆ ಹೊತ್ತು ದಾಟಿತು. ಹೊಗೆ ನೀಲಿಯಾಗಿಯೇ ಇತ್ತು.

ಆಗ ಅಕ್ಕ ಕೈ ತೊಳೆದು ಒಳಗೆ ಹೋದರು. ಅಜ್ಜಿಯ ಕೈ ಹಿಡಿದು ಕರೆದುಕೊಂಡು ಬಂದರು. ಇನ್ನೊಂದು ಕೈಯಲ್ಲಿ ಉಪ್ಪು, ಮೆಣಸಿನಕಾಯಿ. “ತೆಗೀರಿ ಅತ್ತೆ. ಇವತ್ತು ಎಷ್ಟು ಜನ ಬಂದಿದ್ರು, ನನಗೆ ತಲೆನೋವು,” ಎಂದರು.

“ಬ್ಯಾಡ ಕಣವ್ವ,” ಎಂದು ಅಜ್ಜಿ ಕೈ ಹಿಂದಕ್ಕೆ ಎಳೆದುಕೊಂಡರು. “ತೆಗೆದು ಎಲ್ಲಿಗಾಕನ? ನನ್ ಕೈ ಸರಿ ಇಲ್ಲ.”

ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಮಾಲೀಕರು ಅರ್ಧಕ್ಕೆ ಇಳಿದು, ಕಂಬಿ ಹಿಡಿದು ನಿಂತಿದ್ದರು. ಅಕ್ಕನ ಬೆನ್ನು ಸೆಟೆದುಕೊಂಡಿತು. ಶುಕ್ರವಾರದಿಂದ ಕಾಯುತ್ತಿದ್ದ ಮಾತು ಈಗ ಬರುತ್ತದೆ ಎಂದು ನಾನೂ ಎದ್ದು ನಿಂತೆ. ಅವರು ನಮ್ಮಿಬ್ಬರನ್ನೂ ನೋಡಲಿಲ್ಲ.

“ಹಿತ್ತಲಲ್ಲಿ ನಮ್ಮ ಹಂಡೆ ಒಲೆ ಉರೀತಾ ಇದೆ ಅಜ್ಜಿ,” ಎಂದರು. “ತೆಗೆದು ಅಲ್ಲಿಗೆ ಹಾಕಿ.”

ಅಜ್ಜಿಗೆ ಅರ್ಥವಾಗಲಿಲ್ಲ. “ಇವತ್ತಾ ಸ್ವಾಮಿ?”

“ಇವತ್ತೂ ಹಾಕಿ, ನಾಳೆನೂ ಹಾಕಿ. ಹಿತ್ತಲ ಬಾಗಿಲು ತೆಗೆದೇ ಇರುತ್ತೆ, ದಿನಾ ಬಂದು ಹಾಕಿ.”

ಅಕ್ಕ ಉಪ್ಪು ಮೆಣಸಿನಕಾಯಿಯನ್ನು ಅತ್ತೆಯ ಕೈಗೆ ಹಾಕಿ ನನ್ನ ಸ್ಟೂಲಿನ ಮೇಲೆ ಕುಸಿದು ಕೂತು ಅತ್ತುಬಿಟ್ಟರು. ಅಜ್ಜಿ ಅಲ್ಲೇ, ಗಿರಾಕಿಗಳೆಲ್ಲ ನೋಡುತ್ತಿದ್ದಂತೆ, ಸೊಸೆಗೆ ತಲೆಯಿಂದ ಕಾಲಿನವರೆಗೆ ನಿಧಾನವಾಗಿ ಇಳಿ ತೆಗೆದರು.